ಖಾಲಿ ಟಾಕೀಸಿನ ಮ್ಯಾಟಿನಿ ಮಂದಿ

ಊರೆಲ್ಲ ಉಂಡು ಅಡ್ಡಾಗುವ ಮಟಮಟ ಮಧ್ಯಾಹ್ನ ಸಿನಿಮಾಕ್ಕೆ ಬಂದು ಕೂಡುವ ಮನುಷ್ಯ ಎಲ್ಲಿಂದಲೋ ತಪ್ಪಿಸಿಕೊಂಡು ಬಂದಿರುತ್ತಾನೆ. ಅಂಥವರು ಹತ್ತು ಮಂದಿ ಒಂದೇ ಸೂರಿನಡಿ ಸೇರಿದರೆ ಏನಾದರೊಂದು ನಡೆಯದೆ ಇರುವುದಿಲ್ಲ. ಒಂದು ಸಲ ನಡೆದದ್ದು ಇನ್ನೊಂದು ಸಲ ನಡೆಯಲಾರದು ಎಂದು ನಾನು ಪ್ರತಿ ಸಲ ಅಂದುಕೊಂಡೆ. ಮನುಷ್ಯನ ದಡ್ಡತನಕ್ಕೆ ಅಷ್ಟು ಬೇಗ ಬ್ಯಾಸರ ಬರುವುದಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ಐದಾರು ವರ್ಷ ನಾನು ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿ ಬೆಳಗಾವಿ, ಖಾನಾಪುರ ತಿರುಗುತ್ತಿದ್ದೆ. ಕೊರಳಲ್ಲಿ ಟೈ, ಕೈಯಲ್ಲಿ ಸ್ಯಾಂಪಲ್ ತುಂಬಿದ ಬ್ಯಾಗು. ಡಾಕ್ಟರುಗಳು ಒಂದು ಗಂಟೆಗೆ ದವಾಖಾನೆಯ ಬಾಗಿಲು ಹಾಕಿದರೆ ತೆಗೆಯುವುದು ಐದಕ್ಕೆ. ಆ ನಾಲ್ಕು ತಾಸು ಟೈ ಕಟ್ಟಿದ ಮನುಷ್ಯ ಎಲ್ಲಿಗೆ ಹೋಗಬೇಕು? ಗಿಡದ ನೆರಳಿಗೆ ನಿಂತರೆ ವಿಮೆ ಮಾಡಿಸುವವನೆಂದು ಮಂದಿ ದಾರಿ ಬದಲಿಸುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಕುಳಿತರೆ ಬಸ್ಸಿನ ಟೈಮು ಕೇಳುತ್ತಾರೆ. ಹಾಗಾಗಿ ಟಾಕೀಸು.

ಮನೆಮನೆಗೆ ಕೇಬಲ್ ಬಂದು ಟಾಕೀಸುಗಳು ಸೊರಗಿದ್ದ ಕಾಲ ಅದು. ಆರುನೂರು ಕುರ್ಚಿಯ ಎದುರು ಹದಿನೈದು ತಲೆ ಕಂಡರೆ ಮ್ಯಾನೇಜರು ಹೊರಗೆ ಬಂದು ನಮಸ್ಕಾರ ಮಾಡುತ್ತಿದ್ದ. ತೆರೆಯ ಮೇಲೆ ನೋಡುವಂಥದ್ದೇನೂ ಇರುತ್ತಿರಲಿಲ್ಲ. ನಾನು ಒರಗಿ ಕುಳಿತು ಮಂದಿಯನ್ನು ನೋಡುವುದು ಕಲಿತೆ. ಅವರೂ ನೋಡುವಂಥವರಲ್ಲ. ಆದರೆ ಮುಂದೆ ಏನು ಮಾಡುತ್ತಾರೆಂದು ಮೊದಲೇ ಗೊತ್ತಾಗುತ್ತಿರಲಿಲ್ಲ, ಅಷ್ಟು ಸಾಕು.

ನಂಬರಿನ ಮನುಷ್ಯ

ಬೆಳಗಾವಿಯ ಒಂದು ಟಾಕೀಸಿನ ಬಾಲ್ಕನಿಯಲ್ಲಿ ನಾನೊಬ್ಬನೇ ಕುಳಿತಿದ್ದೆ. ಒಬ್ಬನೇ ಎಂದರೆ ಖರೇ ಒಬ್ಬನೇ. ಇದ್ದ ನಾಲ್ಕು ಫ್ಯಾನುಗಳಲ್ಲಿ ತಿರುಗುತ್ತಿದ್ದದ್ದು ಒಂದು, ನಾನು ಅದರ ಕೆಳಗೆ ಇದ್ದೆ. ಪಿಕ್ಚರ್ ಶುರುವಾಗಿ ಕಾಲು ತಾಸಾದ ಮೇಲೆ ಒಬ್ಬ ಯಜಮಾನರು ಬಂದರು. ಕಂಕುಳಲ್ಲಿ ಛತ್ರಿ, ಕೈಯಲ್ಲಿ ಊಟದ ಡಬ್ಬಿ. ಯಾವುದೋ ಸರಕಾರಿ ಕಚೇರಿಯ ಗುಮಾಸ್ತರೆಂದು ಕತ್ತಲಲ್ಲೂ ಗೊತ್ತಾಗುತ್ತಿತ್ತು. ಅವರು ಸಾಲು ಎಣಿಸಿದರು, ಕುರ್ಚಿ ಎಣಿಸಿದರು, ನನ್ನ ಮುಂದೆ ಬಂದು ನಿಂತರು.

"ಏಳ್ರಿ. ಇದು ನಂದು."

"ಇಡೀ ಬಾಲ್ಕನಿ ಖಾಲಿ ಐತಲ್ರಿ. ಎಲ್ಲ್ಯಾದ್ರೂ ಕುಂದರ್ರಿ," ಅಂದೆ.

"ಎಲ್ಲ್ಯಾದ್ರೂ ಕುಂದರಾಕ ಇದೇನ್ ಧರ್ಮಶಾಲಿ ಏನ್ರಿ? ಇ ಸಾಲು, ನಂಬರ್ ಒಂಬತ್ತು. ಚೀಟಿ ಮ್ಯಾಲ ಬರದೈತಿ."

"ನಂಬರ್ ನೋಡಿ ಇಲ್ಲಿ ಯಾರೂ ಕುಂದ್ರೂದಿಲ್ರಿ."

"ಯಾರೂ ಕುಂದ್ರೂದಿಲ್ಲ ಅಂತನ ದೇಶ ಹಿಂಗಾಗೈತಿ," ಅಂದರು.

ದೇಶದ ಸ್ಥಿತಿಗೆ ನಾನೇ ಕಾರಣ ಎಂಬುದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ನಾನು ಏಳಲಿಲ್ಲ. ಅವರು ಬಾಗಿಲು ಕಾಯುವವನನ್ನು ಕೂಗಿದರು. ಅವನು ವಯಸ್ಸಾದವನು, ನಲವತ್ತು ವರ್ಷ ಅದೇ ಬ್ಯಾಟರಿ ಹಿಡಿದು ಬೇಸತ್ತವನು. ಮೆಟ್ಟಿಲೇರಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿ, "ಏಳ್ರಿ ಸಾಬ್. ಇಂಥಾವ್ರು ದಿನಾ ಒಬ್ರು ಬರ್ತಾರ. ಬಗಿಹರಿಯೂದಿಲ್ಲ," ಅಂದ.

ನಾನು ಎದ್ದು ಹಿಂದಿನ ಸಾಲಿಗೆ ಹೋದೆ. ಗುಮಾಸ್ತರು ಕರವಸ್ತ್ರದಿಂದ ಕುರ್ಚಿ ಝಾಡಿಸಿದರು, ಛತ್ರಿ ಒಂದು ಕಡೆ, ಡಬ್ಬಿ ಒಂದು ಕಡೆ ಇಟ್ಟರು, ಗದ್ದುಗೆಯ ಮೇಲೆ ಕುಳಿತ ಮಠಾಧೀಶರಂತೆ ಕುಳಿತರು. ಆಗ ಮುದುಕ ಅವರ ಚೀಟಿ ಇಸಿದುಕೊಂಡು ಬೆಳಕು ಬಿಟ್ಟು ನೋಡಿದ.

"ಸಾಹೇಬ್ರ, ಇ ಒಂಬತ್ತು ಖರೇ ಐತಿ. ಆದ್ರ ಇದು ಬಾಲ್ಕನಿದಲ್ಲ, ಕೆಳಗಿಂದು."

ಅವರು ನನ್ನ ಕಡೆ ನೋಡಲಿಲ್ಲ. ಛತ್ರಿ, ಡಬ್ಬಿ ಎತ್ತಿಕೊಂಡು ಕೆಳಗೆ ಹೋದರು. ನಾನು ಬಾಲ್ಕನಿಯ ಕಟ್ಟೆಗೆ ಬಂದು ಬಗ್ಗಿ ನೋಡಿದೆ. ಅಂಥ ಪಿಕ್ಚರ್ ಬಿಟ್ಟು ತೆರೆ ಯಾಕೆ ನೋಡಬೇಕು? ಕೆಳಗೂ ಎಲ್ಲ ಖಾಲಿ. ಮುದುಕನ ಬ್ಯಾಟರಿಯ ಬೆಳಕು ಇ ಸಾಲಿಗೆ ಹೋಯಿತು, ಎಂಟರ ಮೇಲೆ ಬಿತ್ತು, ಹತ್ತರ ಮೇಲೆ ಬಿತ್ತು. ನಡುವೆ ಎರಡು ಕಬ್ಬಿಣದ ಕಾಲು ಮಾತ್ರ ನಿಂತಿದ್ದವು. ಒಂಬತ್ತನೇ ಕುರ್ಚಿಯನ್ನು ಯಾವ ಕಾಲದಲ್ಲೋ ಕಿತ್ತು ಒಯ್ದಿದ್ದರು.

ಗುಮಾಸ್ತರು ಆ ಖಾಲಿ ಜಾಗದಲ್ಲಿ ಐದು ಮಿನಿಟು ನಿಂತರು. ಆಮೇಲೆ ಹತ್ತನೇ ಕುರ್ಚಿಯ ಮೇಲೆ ಕೈ ಇಟ್ಟು, ಒಂದು ನರಪಿಳ್ಳೆಯೂ ಇಲ್ಲದ ಆ ಸಾಲಿನ ಎರಡೂ ಕಡೆ ನೋಡಿ ಕೇಳಿದರು:

"ಇಲ್ಲೆ ಯಾರರ ಬರಾವ್ರು ಅದಾರೇನ್ರಿ?"

ಹಾಜರಿ

ಕಾಲೇಜು ತಪ್ಪಿಸಿ ಸಿನಿಮಾಕ್ಕೆ ಬರುವ ಹುಡುಗರನ್ನು ಹಿಡಿಯಲು ಒಬ್ಬ ಲೆಕ್ಚರರು ಟಾಕೀಸಿಗೆ ಬರುತ್ತಿದ್ದರು. ಕಂಕುಳಲ್ಲಿ ಹಾಜರಿ ಪುಸ್ತಕ. ಶಿಸ್ತಿನ ಮನುಷ್ಯ ಎಂದು ಊರಲ್ಲಿ ಹೆಸರು. ಬಾಗಿಲಿನಲ್ಲಿ ನಿಂತು, "ನಾ ಪಿಕ್ಚರ್ ನೋಡಾಕ ಬಂದಿಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಒಳಗೆ ಬರುತ್ತಿದ್ದರು.

ಒಂದು ದಿನ ಅವರು ಬಂದು ಗೋಡೆಗೆ ಒರಗಿ ನಿಂತರು, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲಿ ಎಂದು. ಕಣ್ಣು ಹೊಂದಿಕೊಳ್ಳಲು ಎರಡು ಹಾಡು ಬೇಕಾದವು. ಆಮೇಲೆ ಕಾಲು ನೋಯುತ್ತದೆಂದು ಕೊನೆಯ ಕುರ್ಚಿಯ ತುದಿಗೆ ಕುಳಿತರು. ಆಮೇಲೆ ಒರಗಿದರು. ನಾಯಕನ ತಾಯಿ ಆಸ್ಪತ್ರೆ ಸೇರುವ ಹೊತ್ತಿಗೆ ಲೆಕ್ಚರರು ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡು ಅಳುತ್ತ ಮೂಗು ಏರಿಸುತ್ತಿದ್ದರು. ಅವರಿಂದ ಎರಡು ಸಾಲು ಮುಂದೆ ಮೂವರು ಹುಡುಗರು ಕುರ್ಚಿಯಲ್ಲಿ ಕುಸಿದು ಕುಸಿದು ನೆಲಕ್ಕೆ ಹತ್ತಿದ್ದರು.

ಇಂಟರ್‌ವಲ್‌ಗೆ ಬೆಳಕು ಬಂತು. ಹುಡುಗರಿಗೆ ಎದ್ದು ನಿಲ್ಲದೆ ಗತಿ ಇರಲಿಲ್ಲ. ಲೆಕ್ಚರರು ಕಣ್ಣೊರೆಸಿಕೊಂಡು ಗದರಿಸಿದರು.

"ನಾಳೆ ಮೂರೂ ಮಂದಿ ನಿಮ್ಮಪ್ಪಗೋಳ್ನ ಕರಕೊಂಡ ಬರ್ರಿ."

ಇಬ್ಬರು ತಲೆ ತಗ್ಗಿಸಿದರು. ಮೂರನೆಯವನು ಮಾತ್ರ ವಿನಯದಿಂದ ಕೇಳಿದ: "ಸರ್, ಈಗ ಯಾರ ಪೀರಿಯಡ್ ಐತ್ರಿ?"

ಲೆಕ್ಚರರು ಗಡಿಯಾರ ನೋಡಿಕೊಂಡರು. "ನಂದು," ಅಂದರು.

"ಹಂಗಾರ ನೀವು ಇಲ್ಲೆ ಅದೀರಿ, ನಾವೂ ಇಲ್ಲೆ ಅದೀವಿ. ನಾವು ಗೈರಹಾಜರ್ ಹ್ಯಾಂಗ್ ಆದಿವ್ರಿ ಸರ್?"

ಲೆಕ್ಚರರು ತರ್ಕಶಾಸ್ತ್ರ ಕಲಿಸುವ ಮನುಷ್ಯ, ತರ್ಕಕ್ಕೆ ತಲೆಬಾಗಲೇಬೇಕು. ಪುಸ್ತಕ ಬಿಚ್ಚಿ, ಮೂವರಿಗೂ ಹಾಜರಿ ಹಾಕಿದರು. ಕಾಲೇಜಿನಲ್ಲಿ ಬೆಂಚಿನ ಮೇಲೆ ಅವರ ದಾರಿ ಕಾಯುತ್ತ ಕುಳಿತಿದ್ದ ಉಳಿದ ಕ್ಲಾಸಿಗೆಲ್ಲ ಅಂದು ಗೈರುಹಾಜರಿ ಬಿತ್ತು.

ಜಾಂಬೋಟಿಯ ಟೆಂಪೋ

ವಾರಕ್ಕೊಮ್ಮೆ ಖಾನಾಪುರಕ್ಕೆ ಹೋಗುತ್ತಿದ್ದೆ. ಅಲ್ಲೊಂದು ಸಣ್ಣ ಟಾಕೀಸು. ಅದರ ಮ್ಯಾನೇಜರು ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಸಮಾಧಾನ ಮಾಡುವವನು. ಹದಿನೈದು ಮಂದಿ ಸೇರದೆ ಮಷಿನ್ ಚಾಲೂ ಮಾಡುವುದಿಲ್ಲ ಎಂಬುದು ಅವನ ನೇಮ. ಅಂದು ಒಳಗೆ ನಾವು ಆರು ಮಂದಿ ಕುಳಿತು ಬರಿ ಬಿಳಿ ಪರದೆ ನೋಡುತ್ತಿದ್ದೆವು.

ಟಾಕೀಸಿನ ಎದುರಿಗೇ ಜಾಂಬೋಟಿಗೆ ಹೋಗುವ ಟೆಂಪೋ ನಿಲ್ಲುತ್ತಿತ್ತು. ಹದಿನಾಲ್ಕು ಮಂದಿ ತುಂಬದೆ ಬಿಡುವುದಿಲ್ಲ ಎಂಬುದು ಅದರ ಡ್ರೈವರನ ನೇಮ. ಅವನ ಬಳಿ ಒಂಬತ್ತು ಮಂದಿ ಇದ್ದರು. ಅದರಲ್ಲಿ ಐದು ಮಂದಿ ಒಂದೇ ಮನೆಯವರು: ಒಬ್ಬ ಅಜ್ಜಿ, ಮಗ, ಸೊಸೆ, ಇಬ್ಬರು ಬೀಗರು.

ಮ್ಯಾನೇಜರು ಹೋಗಿ ಡ್ರೈವರನ ಜೊತೆ ಮಾತಾಡಿದ. "ನಿಮ್ಮ ಒಂಬತ್ತ ಮಂದಿ ಒಳಗ ಬಂದ್ರ ನನಗ ಹದಿನೈದ ಆಕ್ಕೈತಿ. ಬಿಸಲಾಗ ಕುಂತು ಕಾಯೂಕಿಂತ ನೆಳ್ಳಾಗ ಕುಂತು ಕಾಯಲಿ. ಪಿಕ್ಚರ್ ಮುಗಿಯೂದ್ರಾಗ ನಿನಗೂ ಐದ ಮಂದಿ ಸಿಗ್ತಾರ."

ಇಬ್ಬರು ವ್ಯಾಪಾರಸ್ಥರು ಒಂದೇ ಮಾಲನ್ನು ಎರಡು ಕಡೆ ಮಾರುವುದು ಎಂದರೆ ಹೀಗೆ. ಒಂಬತ್ತು ಮಂದಿ ಗಂಟು, ಚೀಲ, ಒಂದು ಹುಂಜದ ಸಮೇತ ಒಳಗೆ ಬಂದರು. "ಬಸಾ, ಬಸಾ," ಎಂದು ಮ್ಯಾನೇಜರು ಎಲ್ಲರನ್ನೂ ಮರಾಠಿಯಲ್ಲಿ ಕೂಡಿಸಿದ. ಪಿಕ್ಚರ್ ಶುರುವಾಯಿತು.

ಮುಕ್ಕಾಲು ಪಾಲು ಆಗಿತ್ತು. ನಾಯಕ, ನಾಯಕಿ ಇಬ್ಬರ ಮದುವೆಗೆ ಅಡ್ಡಿ ಬಂದು, ಆಕೆ ಗುಡ್ಡದ ತುದಿಗೆ ಓಡುತ್ತಿದ್ದಳು. ಆಗ ಬಾಗಿಲು ತೆರೆದು ಡ್ರೈವರು ಕೂಗಿದ: "ಜಾಂಬೋಟಿ, ಜಾಂಬೋಟಿ. ಐದ ಮಂದಿ ಸಿಕ್ಕ್ರು, ನಡೀರಿ."

ನಾಲ್ಕು ಮಂದಿ ಎದ್ದರು. ಅಜ್ಜಿ ಏಳಲಿಲ್ಲ. "ಇವರ್ದು ಮದವಿ ಆಗೋತನಕ ನಾ ಬರಂಗಿಲ್ಲ," ಅಂದಳು. ಅಜ್ಜಿ ಏಳದೆ ಮಗ ಏಳಲಿಲ್ಲ, ಮಗ ಏಳದೆ ಸೊಸೆ ಏಳಲಿಲ್ಲ, ಬೀಗರು ಹೇಗೂ ಮರ್ಯಾದೆಯ ಮಂದಿ, ಅವರು ಒಂದು ಕಾಲು ಎತ್ತಿ ಮತ್ತೆ ಇಟ್ಟರು.

ಡ್ರೈವರು ಒಳಗೆ ಬಂದು ಅಜ್ಜಿಯ ಎಡಕ್ಕೆ ನಿಂತ. "ಬಾಯವ್ವಾ, ನೀ ಬರಲಿಲ್ಲಂದ್ರ ಟೆಂಪೋ ಹೊಂಡೂದಿಲ್ಲ." ಮ್ಯಾನೇಜರು ಬಲಕ್ಕೆ ನಿಂತ. "ಅವ್ವಾ, ನೀವು ಹೋದ್ರ ಪಿಕ್ಚರ್ ನಡಿಯೂದಿಲ್ಲ." ಅಜ್ಜಿಗೆ ಎಪ್ಪತ್ತು ವರ್ಷದಲ್ಲಿ ಅಷ್ಟು ಬೆಲೆ ಎಂದೂ ಬಂದಿರಲಿಕ್ಕಿಲ್ಲ. ಆಕೆ ಇಬ್ಬರನ್ನೂ ನೋಡಿ ಮ್ಯಾನೇಜರನಿಗೆ ಹೇಳಿದಳು:

"ನೀ ದಿನಾ ನೋಡಾಂವ. ಮದವಿ ಆಕ್ಕೈತೊ ಇಲ್ಲೊ, ಅಷ್ಟ ಹೇಳಿಬಿಡು."

ಅಷ್ಟರಲ್ಲಿ ಹಿಂದಿನ ಗೋಡೆಯ ಮಷಿನ್ ಕಿಂಡಿಯಿಂದ ಆಪರೇಟರನ ದನಿ ಬಂತು: "ಇಲ್ಲಜ್ಜಿ. ಹುಡುಗಿ ಸಾಯ್ತಾಳ."

ಅಜ್ಜಿ ಸೆರಗು ಸಾವರಿಸಿಕೊಂಡು ಎದ್ದಳು. "ಸಾಯೂದು ನೋಡಾಕ ನಾ ಇಲ್ಲಿ ಯಾಕ ಕುಂದರ್ಲಿ? ಅದು ನಮ್ಮ ಓಣ್ಯಾಗ ಐತಿ," ಎಂದು ನಡೆದಳು. ಹಿಂದೆ ಎಂಟು ಮಂದಿ, ಅವರ ಹಿಂದೆ ಹುಂಜ.

ನಾವು ಮತ್ತೆ ಆರು ಮಂದಿ ಉಳಿದೆವು. ಮಷಿನ್ ನಿಂತಿತು. ಆಪರೇಟರು ಕೈಚೀಲ ಹಿಡಿದು, ಟೋಪಿ ಹಾಕಿಕೊಂಡು ಕೆಳಗೆ ಇಳಿದು ಬಂದ. ಮ್ಯಾನೇಜರು ಅವನ ಮೇಲೆ ಏರಿಹೋದ. "ಪಿಕ್ಚರ್ ಬಂದ ಎರಡ ದಿನ ಆತು, ನಾನ ಕಡೀತನಕ ನೋಡಿಲ್ಲ. ಖರೇ ಸಾಯ್ತಾಳೇನೋ ಆಕಿ?"

"ಯಾಂವಗ ಗೊತ್ರಿ," ಅಂದ ಆಪರೇಟರು ಚಪ್ಪಲಿ ಮೆಟ್ಟುತ್ತ. "ನಾನೂ ಜಾಂಬೋಟಿಗೆ ಹೋಗಾಂವ ಅದೇನಿ."

ಕತ್ತಲೆಯಲ್ಲಿ ವರಪರೀಕ್ಷೆ

ಆಗ ನನಗೆ ಮದುವೆಯಾಗಿರಲಿಲ್ಲ. ಹಾಗೆಂದು ಹುಡುಗಿ ಹುಡುಕಿಕೊಂಡು ಟಾಕೀಸಿಗೆ ಹೋದವನಲ್ಲ. ಕಾಲು ಚಾಚಿ ಒಂದು ನಿದ್ದೆ ಹೊಡೆಯಲು ಹೋಗಿದ್ದೆ. ನನ್ನ ಮುಂದಿನ ಸಾಲಿನಲ್ಲಿ ಕಾಕತಿ ಕಡೆಯ ಒಂದು ಕುಟುಂಬ ಕುಳಿತಿತ್ತು: ಮೂವರು ಹೆಂಗಸರು, ನಡುವೆ ಒಬ್ಬ ಹುಡುಗಿ. ಅವರ ಜೊತೆ ಬಂದಿದ್ದ, ತಲೆಗೆ ಪಟಕ ಸುತ್ತಿದ ಮಾವ ಎದ್ದು ಬಂದು, ಇಷ್ಟೆಲ್ಲ ಖಾಲಿ ಕುರ್ಚಿ ಬಿಟ್ಟು, ನನ್ನ ಬಾಜೂಕ್ಕೇ ಕುಳಿತ.

"ಕಂಪನಿ ಕೆಲಸ ಏನ್ರಿ?" ಅಂದ.

ನನ್ನ ಟೈ ನೋಡಿ ಕೇಳಿರಬೇಕು. "ಹೌದ್ರಿ."

"ಮನಿ ಸ್ವಂತದ್ದೋ, ಬಾಡಿಗೀದೋ?"

"ಸ್ವಂತದ್ದ್ರಿ. ಅಪ್ಪಂದು."

"ಕುಡಿಯೂದು, ಗಿಡಿಯೂದು?"

"ಕುಡಿಯೂದಿಲ್ರಿ. ಮಂದಿಗೆ ಕುಡಸ್ತೀನಿ. ಟಾನಿಕ್ಕು," ಅಂದೆ.

ಖಾಲಿ ಹೊತ್ತಿನ ಮುದುಕರು ಹೀಗೇ ಮಾತಾಡುತ್ತಾರೆ ಎಂದು ನಾನು ತಿಳಿದಿದ್ದೆ. ಅವನು ಮುಂದೆ ಬಗ್ಗಿ ಹೆಂಗಸರ ಕಿವಿಯಲ್ಲಿ ಏನೋ ಹೇಳಿದ. ಮೂವರೂ ಒಬ್ಬರಾದ ಮೇಲೊಬ್ಬರು ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು, ಪೇಟೆಯಲ್ಲಿ ಬದನೆಕಾಯಿ ತಿರುವಿ ನೋಡಿದ ಹಾಗೆ. ಕಡೆಗೆ ಹುಡುಗಿ ತಿರುಗಿದಳು. ಒಂದು ಕ್ಷಣ ನೋಡಿ ಮುಂದೆ ತಿರುಗಿ ಏನೋ ಅಂದಳು. ಮಾವ ಮತ್ತೆ ನನ್ನ ಕಡೆ ಸರಿದ. ದನಿ ತಗ್ಗಿಸಿದ.

"ಬ್ಯಾಸರಾ ಮಾಡ್ಕೋಬ್ಯಾಡ್ರಿ. ಹುಡುಗಿ ಒಲ್ಲೆ ಅಂತಾಳ."

"ಏನ್ ಒಲ್ಲೆ ಅಂತಾಳ್ರಿ?"

"ನಿಮ್ಮನ್ನ. ನೆತ್ತಿ ಮ್ಯಾಲ ಕೂದಲ ಕಡಿಮಿ ಅದಾವಂತ."

ನಾನು ಕೇಳದ ಹುಡುಗಿ ನನ್ನನ್ನು ಬೇಡ ಎಂದಿದ್ದಳು. ನಿದ್ದೆ ಹಾರಿತು. "ಈ ಕತ್ತಲದಾಗ ಆಕಿಗೆ ಹ್ಯಾಂಗ್ ಕಂಡ್ತ್ರಿ?" ಅಂದೆ.

"ಕತ್ತಲದಾಗೂ ಹೊಳ್ಯಾಕ್ಹತ್ತೈತಂತ," ಅಂದ ಮಾವ ಸಂಕೋಚದಿಂದ.

ವಿಷಯ ಆಮೇಲೆ ಬಿಡಿಸಿ ಹೇಳಿದ. ಮನೆಗೆ ಕರೆದು ಹುಡುಗಿ ತೋರಿಸಿ, ಬೇಡವಾದರೆ ಓಣಿಗೆಲ್ಲ ಸುದ್ದಿಯಾಗುತ್ತದೆಂದು ಎರಡೂ ಕಡೆಯವರು ಈ ಟಾಕೀಸಿನಲ್ಲಿ ಸೇರುವುದೆಂದು ಠರಾವಾಗಿತ್ತು. ವರನ ಗುರುತು: ಒಬ್ಬನೇ ಬರುತ್ತಾನೆ, ಟೈ ಕಟ್ಟಿರುತ್ತಾನೆ. ಬೆಳಗಾವಿಯಲ್ಲಿ ಇನ್ನೊಬ್ಬ ಅಂಥ ದರಿದ್ರ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಖರೇ ವರ ಇಂಟರ್‌ವಲ್‌ ಹೊತ್ತಿಗೆ ಬಂದ. ಲಗ್ನದ ಮನೆಗೇ ಬಂದವನಂತೆ ಟೈ, ಕೋಟು. ಬಾಗಿಲಿನಲ್ಲಿ ನಿಂತು, ದೊಡ್ಡ ಮನುಷ್ಯರು ತೆಗೆಯುವಂತೆ ಹ್ಯಾಟು ತೆಗೆದ. ಅದರ ಕೆಳಗೆ ಒಂದು ಕೂದಲೂ ಇರಲಿಲ್ಲ. ಟಾಕೀಸಿನ ದೀಪಗಳೆಲ್ಲ ಅವನ ತಲೆಯಲ್ಲಿ ಎರಡೆರಡಾಗಿ ಕಂಡವು.

ಹುಡುಗಿ ಅವನನ್ನು ನೋಡಿದಳು. ಆಮೇಲೆ ಹಿಂದೆ ತಿರುಗಿ ನನ್ನನ್ನು ಇನ್ನೊಮ್ಮೆ, ಈ ಸಲ ನಿಧಾನವಾಗಿ ನೋಡಿದಳು. ತಾಯಿಯ ಕಿವಿಯಲ್ಲಿ ಏನೋ ಅಂದಳು. ತಾಯಿ ಮಾವನಿಗೆ ಹೇಳಿದಳು. ಮಾವ ಎದ್ದು, ಪಟಕ ಸರಿಮಾಡಿಕೊಂಡು, ಮತ್ತೆ ನನ್ನ ಬಾಜೂಕ್ಕೆ ಬಂದು ಕುಳಿತ.

"ಸಾಹೇಬ್ರ," ಅಂದ, "ನಿಮ್ಮ ಜಾತಕ ಏನರ ಕಿಸೇದಾಗ ಐತೇನ್ರಿ?"

ಬೆನ್ನು ಹಿಡಿದವನ ಕುಣಿತ

ಬೆಳಗಾವಿಯ ಟಿಳಕವಾಡಿಯಲ್ಲಿ ಒಬ್ಬ ಎಲುಬಿನ ಡಾಕ್ಟರಿದ್ದರು. ಔಷಧ ಕಂಪನಿಯವರನ್ನು ಕಂಡರೆ ಅವರಿಗಾಗುತ್ತಿರಲಿಲ್ಲ. ಎಂಟು ತಿಂಗಳು ಅವರ ದವಾಖಾನೆಗೆ ಎಡತಾಕಿದ್ದೆ. ಅವರ ಮುಖ ಸರಿಯಾಗಿ ನೋಡಿದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. ಯಾವಾಗ ಹೋದರೂ ಕಂಪೌಂಡರನ ಉತ್ತರ ಒಂದೇ: "ಡಾಕ್ಟರ್ ಆಪರೇಶನ್‌ದಾಗ ಅದಾರ್ರಿ." ಅಷ್ಟು ಆಪರೇಶನ್ ಆಗಿದ್ದರೆ ಬೆಳಗಾವಿಯಲ್ಲಿ ಒಂದು ಮೂಲ ಎಲುಬೂ ಉಳಿಯುತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ನನ್ನ ಮ್ಯಾನೇಜರು ಇದ್ದರು. ಅವರು ಫೋನಿನಲ್ಲಿ ಹೇಳಿದರು: "ಈ ತಿಂಗಳ ಆ ಡಾಕ್ಟರ್‌ನ ಭೇಟಿ ಆಗಲಿಲ್ಲ ಅಂದ್ರ ಮುಂದಿನ ತಿಂಗಳ ನೀ ನನ್ನ ಭೇಟಿ ಆಗೂದ ಬ್ಯಾಡ." ಅದು ಬರಿ ಬೆದರಿಕೆಯಲ್ಲ, ಅವರು ಹಿಂದೆ ಇಬ್ಬರನ್ನು ಹಾಗೇ ಮನೆಗೆ ಕಳಿಸಿದ್ದರು. ನಮ್ಮ ಮನೆಯಲ್ಲಿ ತಂಗಿಯ ಲಗ್ನ ನಿಶ್ಚಯವಾಗಿತ್ತು. ನೌಕರಿ ಕಳೆದುಕೊಂಡ ಅಣ್ಣ ಮಂಟಪದಲ್ಲಿ ಅಕ್ಕಿಕಾಳು ಹಾಕುವುದು ಚೆನ್ನಾಗಿ ಕಾಣುವುದಿಲ್ಲ. ತಿಂಗಳ ಕೊನೆಯ ದಿನ ಮತ್ತೆ ಹೋದೆ. ಕಂಪೌಂಡರು ನನ್ನನ್ನು ಕಂಡು ಬಾಯಿ ತೆರೆಯುವ ಮೊದಲೇ, "ಆಪರೇಶನ್‌ದಾಗ ಅದಾರ್ರಿ" ಎಂದು ನಾನೇ ಹೇಳಿ ಹೊರಬಿದ್ದೆ. ಕಾಲು ತಾವಾಗಿ ಟಾಕೀಸಿನ ಕಡೆ ನಡೆದವು.

ಒಳಗೆ ಹತ್ತು ಹನ್ನೆರಡು ಮಂದಿ. ನನ್ನ ಸಾಲಿನಲ್ಲಿ ಒಂದು ಕುರ್ಚಿ ಬಿಟ್ಟು ಒಬ್ಬರು ಮುಖದ ಮೇಲೆ ಅರ್ಧ ಕರವಸ್ತ್ರ ಮುಚ್ಚಿಕೊಂಡು ಕುಳಿತಿದ್ದರು. ಹಲ್ಲು ನೋವಿರಬೇಕೆಂದುಕೊಂಡೆ. ಮುಂದೆ ಒಬ್ಬ ಸಫಾರಿ ತೊಟ್ಟ ದೊಡ್ಡ ಮನುಷ್ಯ ವಡಾಪಾವ್ ತಿನ್ನುತ್ತಿದ್ದ. ಇವರ ನಡುವೆ, ಅಂಗಿಯ ಮೇಲೆ ನಡುವಿಗೆ ಅಗಲವಾದ ಬೆನ್ನುಪಟ್ಟಿ ಬಿಗಿದ ಒಬ್ಬ ಕೆಲಸಗಾರ. ಹಾಡು ಬಂದ ಕೂಡಲೆ ಅವನು ದಾರಿಯ ನಡುವೆ ಬಂದು ನಿಂತು, ಸೀಟಿ ಹೊಡೆದು, ಕುಣಿಯಲು ಹತ್ತಿದ. ಬಗ್ಗಿದ, ಎದ್ದ, ಗಿರಗಿರನೆ ತಿರುಗಿದ. ಬೆನ್ನುಪಟ್ಟಿ ಕಟ್ಟಿಕೊಂಡವನು ಅಷ್ಟು ಚೆಂದ ಕುಣಿದದ್ದು ನಾನು ನೋಡಿರಲಿಲ್ಲ.

ಅವನು ಎರಡೂ ಕೈ ಮೇಲೆತ್ತಿ ಒಂದು ಕಾಲ ಮೇಲೆ ನಿಂತಾಗಲೇ ಇಂಟರ್‌ವಲ್ ಬೆಳಕು ಹತ್ತಿತು. ಎದುರಿಗೆ ವಡಾಪಾವಿನ ಮನುಷ್ಯ ತಿರುಗಿ ಕುಳಿತಿದ್ದ. ಆತ ಉದ್ಯಮಬಾಗದ ಒಂದು ಕಾರ್ಖಾನೆಯ ಸಾಹೇಬ, ರಜೆ ಮಂಜೂರು ಮಾಡುವವನು. ಕುಣಿಯುತ್ತಿದ್ದವನು ಅದೇ ಕಾರ್ಖಾನೆಯವನು.

"ಏನೋ," ಅಂದ ಸಾಹೇಬ. "ಬೆನ್ನು ಹಿಡದೈತಿ, ಹಾಸಿಗಿ ಬಿಟ್ಟ ಏಳಾಕ ಬರೂದಿಲ್ಲಂತ ಮೂರು ವಾರ ರಜಾ ತೊಗೊಂಡಿ. ಡಾಕ್ಟರ್ ಸರ್ಟಿಫಿಕೇಟ್ ನನ್ನ ಟೇಬಲ್ ಮ್ಯಾಲ ಐತಿ."

ಕೆಲಸಗಾರ ಎತ್ತಿದ ಕೈ ಇಳಿಸಲಿಲ್ಲ. ಸುತ್ತ ನೋಡಿದ. ನನ್ನ ಸಾಲಿನ ಮೇಲೆ ಅವನ ಕಣ್ಣು ನಿಂತಿತು. ಮೇಲಿದ್ದ ಕೈಯಲ್ಲಿ ಒಂದನ್ನು ಹಾಗೇ ಮುಂದೆ ಚಾಚಿ ತೋರಿಸಿದ.

"ಸರ್ಟಿಫಿಕೇಟ್ ಕೊಟ್ಟ ಡಾಕ್ಟರ್ ಇಲ್ಲೇ ಅದಾರ್ರಿ. ಅವರ್ನ ಕೇಳ್ರಿ."

ನನ್ನ ಬಾಜೂಕಿನವರು ಕರವಸ್ತ್ರ ತೆಗೆದರು. ಗೋಡೆಯ ಮೇಲಿನ ಫೋಟೋ ಜೀವ ಬಂದು ಕುಳಿತಿತ್ತು. ಎಂಟು ತಿಂಗಳಿಂದ ಆಪರೇಶನ್‌ನಲ್ಲಿದ್ದವರು ಅವರೇ.

ಹೊರಗೆ ಶೇಂಗಾ ಮಾರುವವನ ದನಿ ಕೇಳುತ್ತಿತ್ತು. ಡಾಕ್ಟರು ಎದ್ದು, ಗಂಟಲು ಸರಿಮಾಡಿಕೊಂಡು, ದವಾಖಾನೆಯ ದನಿಯಲ್ಲಿ ಹೇಳಿದರು: "ಅದು ಕುಣತ ಅಲ್ಲ. ವ್ಯಾಯಾಮ. ನಾನ ಹೇಳೇನಿ."

"ಪಿಕ್ಚರ್‌ದಾಗ ಏನ್ರಿ?" ಅಂದ ಸಾಹೇಬ.

"ಹಾಡಿನ ತಾಳಕ್ಕ ಮಾಡಿದ್ರ ಬೆನ್ನ ಲಗೂ ಸಡ್ಲ ಆಕ್ಕೈತಿ. ಬರೋಬ್ಬರಿ ಮಾಡ್ತಾನೋ ಇಲ್ಲೋ ನೋಡೂಣು ಅಂತ ನಾನ ಸ್ವತಾ ಬಂದೇನಿ." ಡಾಕ್ಟರು ಕನ್ನಡಕ ಏರಿಸಿಕೊಂಡರು. "ಅದಿರಲಿ, ಇವತ್ತ ನಿಮ್ಮ ಕಾರ್ಖಾನಿ ಸೂಟಿ ಏನ್ರಿ?"

ಸಾಹೇಬನ ಕೈಯಲ್ಲಿ ವಡಾಪಾವ್ ಇನ್ನೂ ಅರ್ಧ ಇತ್ತು. "ಇಂವನ್ನ ಹಿಡಿಯಾಕ ಬಂದೇನ್ರಿ," ಅಂದ.

"ಪಿಕ್ಚರ್ ಚಾಲೂ ಆಗೂಕಿಂತ ಮದಲ ಬಂದು ಕುಂತಿದ್ರಿ," ಅಂದ ಕೆಲಸಗಾರ ತಗ್ಗಿದ ದನಿಯಲ್ಲಿ. "ನಾ ಆಮ್ಯಾಲ ಬಂದೇನಿ. ಸಫಾರಿ ಕಂಡಿತ್ರಿ, ಮಾರಿ ಕಂಡಿರಲಿಲ್ರಿ."

ಯಾರ ಕಡೆ ನೋಡಿದರೂ ಕಷ್ಟ ಎಂದು ಮೂವರೂ ಒಟ್ಟಿಗೆ ನನ್ನ ಕಡೆ ನೋಡಿದರು. "ನೀವು ಯಾರು?" ಎಂದು ಡಾಕ್ಟರು ಕೇಳಿದರು. ಎಂಟು ತಿಂಗಳಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ. ನಾನು ಎದ್ದು ನಿಂತು ಕಾರ್ಡು ಕೊಟ್ಟೆ. ಬ್ಯಾಗಿನಿಂದ ಬೆನ್ನುನೋವಿನ ಮುಲಾಮಿನ ಟ್ಯೂಬು ತೆಗೆದು ಕೆಲಸಗಾರನ ಕೈಯಲ್ಲಿಟ್ಟೆ. ಏನಾದರೂ ಮಾಡಲೇಬೇಕಾಗಿದ್ದ ಡಾಕ್ಟರು ಅದನ್ನು ಇಸಿದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. "ಛಲೋ ಐತಿ. ಹಚ್ಚಗೋ," ಅಂದರು.

"ನನಗೂ ಮೊಣಕಾಲ ನೂಸ್ತೈತಿ," ಅಂದ ಸಾಹೇಬ. ಅವನಿಗೂ ಒಂದು ಕೊಟ್ಟೆ.

ದೀಪ ಆರಿದವು. ಯಾರೂ ಹೊರಗೆ ಹೋಗಲಿಲ್ಲ. ಮೊದಲು ಹೋದವನ ಬಗ್ಗೆ ಉಳಿದವರು ಏನು ಮಾತಾಡಿಕೊಳ್ಳುತ್ತಾರೋ ಎಂಬ ಭಯ ಎಲ್ಲರಿಗೂ. ನಾಲ್ಕು ಮಂದಿ ಒಂದೇ ಸಾಲಿನಲ್ಲಿ ಒತ್ತಿ ಕುಳಿತು ಉಳಿದರ್ಧ ಪಿಕ್ಚರ್ ನೋಡಿದೆವು. ಹಾಡು ಬಂದಾಗಲೆಲ್ಲ ಡಾಕ್ಟರು ಕೆಲಸಗಾರನಿಗೆ "ಏಳು, ಮಾಡು" ಎನ್ನಬೇಕಾಯಿತು. ಅವನು ಎದ್ದು ಮಾಡಬೇಕಾಯಿತು. ಆಟ ಮುಗಿಯುವ ಹೊತ್ತಿಗೆ ಅವನ ಬೆನ್ನು ಖರೇನೇ ಹಿಡಿದಿತ್ತು.

ಅಂದು ನನ್ನ ವರದಿಯಲ್ಲಿ ಒಂದು ಸುಳ್ಳೂ ಬರೆಯಲಿಲ್ಲ. ಭೇಟಿಯಾದ ಡಾಕ್ಟರು: ಒಬ್ಬರು. ಡಾಕ್ಟರ ಜೊತೆ ಕಳೆದ ಹೊತ್ತು: ಒಂದೂವರೆ ತಾಸು. ಔಷಧದ ಬಗ್ಗೆ ಅಭಿಪ್ರಾಯ: ಛಲೋ ಐತಿ.

ಮುಂದಿನ ವಾರ ಹುಬ್ಬಳ್ಳಿಯಲ್ಲಿ ಮೀಟಿಂಗು. ಉತ್ತರ ಕರ್ನಾಟಕದ ಪ್ರತಿನಿಧಿಗಳೆಲ್ಲ ಬಂದಿದ್ದರು. ಮ್ಯಾನೇಜರು ನನ್ನನ್ನು ಹೆಸರು ಹಿಡಿದು ಕರೆದು ಮುಂದೆ ನಿಲ್ಲಿಸಿದರು. "ಯಾರಿಗೂ ಎರಡ ಮಿನಿಟ್ ಕೊಡದ ಡಾಕ್ಟರು ಇವನಿಗೆ ದೀಡ ತಾಸು ಕೊಟ್ಟಾರ. ನೀವೂ ಅದೀರಿ, ಇವನೂ ಅದಾನ. ಹ್ಯಾಂಗ್ ಮಾಡಿದಿ, ಎಲ್ಲಾರಿಗೂ ಹೇಳು."

ಸುಳ್ಳು ಕಟ್ಟಲು ನನಗೆ ಏನೂ ಹೊಳೆಯಲಿಲ್ಲ, ಇದ್ದದ್ದನ್ನೇ ಹೇಳಿದೆ. "ಸರ್, ಡಾಕ್ಟರ ಬಾಜೂಕ ಕುಂದರಬೇಕ್ರಿ. ಬಾಯಿ ಮುಚಗೊಂಡಿರಬೇಕ್ರಿ. ಅವರು ನಕ್ಕಾಗ ನಗಬೇಕ್ರಿ."

ಮ್ಯಾನೇಜರು ಕಣ್ಣು ಮುಚ್ಚಿ ತಲೆಯಾಡಿಸಿದರು. ಸೀಮೆಸುಣ್ಣದ ಕಡ್ಡಿ ತೆಗೆದುಕೊಂಡು ಮೂರೂ ಮಾತನ್ನು ಒಂದು, ಎರಡು, ಮೂರು ಎಂದು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದರು. ಎಲ್ಲರೂ ತಲೆ ಬಗ್ಗಿಸಿ ಡೈರಿಯಲ್ಲಿ ಬರೆದುಕೊಂಡರು.

ಧಾರವಾಡದ ಪ್ರತಿನಿಧಿ ಒಬ್ಬನೇ ಬರೆದುಕೊಳ್ಳಲಿಲ್ಲ. ಪೆನ್ನಿನ ತುದಿ ಕಚ್ಚುತ್ತ ನನ್ನನ್ನೇ ನೋಡುತ್ತಿದ್ದ. ಚಹಾದ ಹೊತ್ತಿಗೆ ಕಪ್ಪು ಹಿಡಿದು ಬಂದು ನನ್ನ ಪಕ್ಕದಲ್ಲಿ ನಿಂತ. ಮ್ಯಾನೇಜರು ದೂರವಿದ್ದಾರೆಯೇ ಎಂದು ನೋಡಿಕೊಂಡು ಕಿವಿಯಲ್ಲಿ ಕೇಳಿದ:

"ಯಾವ ಟಾಕೀಸೋ?"